ಮಂಕಾಗಿದ್ದ ಅಕ್ವೇರಿಯಂ ತಿಳಿಯಾದದ್ದು ಹೀಗೆ

ನಾನು ಕೆಲಸ ಮಾಡುವ ಥೀಮ್ ಪಾರ್ಕ್‌ನ ಹಳೆಯ ಅಕ್ವೇರಿಯಂ ಮುಂದೆ ಮಕ್ಕಳು ಮೂಗು ಒತ್ತಿ ನಿಂತು, 'ಮೀನೆಲ್ಲಿ?' ಅಂತ ಕೇಳುತ್ತಿದ್ದರು. ಕೇಳಿದಾಗೆಲ್ಲ ಕರುಳು ಚುರುಕ್ ಅನ್ನುತ್ತಿತ್ತು.

ನೀರು ಕೆಟ್ಟಿದೆ ಅಂದುಕೊಂಡಿದ್ದೆವು. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ನೀರು ತಿಳಿಯಾಗೇ ಇತ್ತು! ತೊಂದರೆ ಇದ್ದದ್ದು ತೊಟ್ಟಿಯ ಗೋಡೆಯಾದ ಅಕ್ರಿಲಿಕ್‌ನ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹೊರಮೈಯ ಗೀರುಗಳಲ್ಲಿ. ಒಳಬದಿಯ ಗೀರು ಅಷ್ಟು ಕಾಣುವುದಿಲ್ಲ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.49, ನೀರಿನದು 1.33, ಹತ್ತಿರ ಹತ್ತಿರ ಅಲ್ವಾ? ಗಾಳಿಯದು ಬರೀ 1. ಈ ಅಂತರ ಹೆಚ್ಚಾದಷ್ಟೂ ಗೀರಿನಲ್ಲಿ ಬೆಳಕು ಹೆಚ್ಚು ಚದುರುತ್ತದೆ. ಹಾಗಾಗಿ ಹೊರಗಿನ ಗೀರೇ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ.

800 ಗ್ರಿಟ್‌ನಿಂದ (ಉಜ್ಜುಕಾಗದದ ಸಂಖ್ಯೆ, ಹೆಚ್ಚಾದಷ್ಟೂ ನಯ) ಶುರು ಮಾಡಿ 3000ದವರೆಗೆ ಉಜ್ಜುಕಾಗದ ಒದ್ದೆ ಮಾಡಿ ಉಜ್ಜಿದೆವು. ಹಂತಕ್ಕೊಮ್ಮೆ ದಿಕ್ಕು ಬದಲಿಸಿದೆವು. ಕೊನೆಗೆ ಪಾಲಿಶ್. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಮಾತ್ರ ಮುಟ್ಟಿಸಬೇಡಿ, ಅಕ್ರಿಲಿಕ್‌ನಲ್ಲಿ ಸಣ್ಣ ಬಿರುಕು ಏಳುತ್ತದೆ.

ಫಿಲ್ಟರ್ ಮರಳನ್ನೂ ಬದಲಿಸಿದೆವು, ಆದರೆ ಅರ್ಧರ್ಧ. ಒಮ್ಮೆಲೇ ತೆಗೆದರೆ, ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾವೂ ಮರಳಿನ ಜೊತೆ ಹೋಗುತ್ತದೆ, ಮೀನು ಸಾಯಬಹುದು.

ಮೊನ್ನೆ ಒಬ್ಬಳು ಪುಟ್ಟಿ ಮೀನಿನ ರೆಕ್ಕೆಯ ಗೆರೆ ಎಣಿಸುತ್ತಿದ್ದಳು.