ಮಳೆಗೆ ಮುಂಚೆ ನಮ್ಮ ಮೂರು ಮನೆಯ ವ್ಯಾನು

ತುಮಕೂರಿನಲ್ಲಿ ನಾವು ಮೂರು ಮನೆಯವರು ಸೇರಿ ಒಂದು ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಪ್ರವಾಸದ ವ್ಯಾನ್ ಇಟ್ಟುಕೊಂಡಿದ್ದೇವೆ. ಮಳೆಗಾಲಕ್ಕೆ ಮುಂಚಿನ ರಿಪೇರಿ ನನ್ನ ಪಾಲು.

ಮೊದಲು ಚಾವಣಿ. ಏಣಿ ಹತ್ತಿ ಅಂಚಿನ ಮೇಲೆಲ್ಲ ಬೆರಳಾಡಿಸಿ. ಸೀಲೆಂಟ್ (ನೀರು ಇಳಿಯದಂತೆ ಸಂದಿಗೆ ಹಚ್ಚುವ ಅಂಟು) ಹಪ್ಪಳದ ಹಾಗೆ ಬಿರಿದಿದ್ದರೆ ಪೂರ್ತಿ ಕೆರೆದು, ಒರೆಸಿ, ಒಣಗಿದ ಮೇಲೆ ಹೊಸದು ಹಚ್ಚಿ. ಹಳೆಯದರ ಮೇಲೆ ಸುಮ್ನೆ ಬಳಿದರೆ ನಿಲ್ಲುವುದಿಲ್ಲ. ಹೋದ ವರ್ಷ ಹಾಗೆ ಮಾಡಿ, ದೇವರಾಯನದುರ್ಗದ ಮಳೆಯಲ್ಲಿ ಎಲ್ಲರ ಹಾಸಿಗೆ ನೆನೆಸಿದವನು ನಾನೇ! ಮರುದಿನ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಒಬ್ಬರನ್ನು ಟಾರ್ಚ್ ಕೊಟ್ಟು ಕೂರಿಸಿ.

ಟೈರಿಗೆ ಗಾಳಿ, ಗ್ಯಾಸ್ ಪೈಪಿಗೆ ಸೋರಿಕೆ ನೋಡಲು ಸೋಪಿನ ನೊರೆ. ಐದು ನಿಮಿಷದ ಕೆಲಸ. ಬ್ಯಾಟರಿಗೆ ಮೀಟರ್ ಇಡಿ. ನಮ್ಮದು 12 ವೋಲ್ಟಿನ ಆಸಿಡ್ ಬ್ಯಾಟರಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದರೆ 12.6 ಆಸುಪಾಸು ತೋರಿಸಬೇಕು.

ಮಾಡಿದ್ದನ್ನೆಲ್ಲ ತಾರೀಖು, ಖರ್ಚು ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ವ್ಯಾನಿನಲ್ಲೇ ಇಡಿ. ಇಲ್ಲದಿದ್ದರೆ ಲೆಕ್ಕದಲ್ಲಿ ಜಗಳ ಗ್ಯಾರಂಟಿ, ಅಲ್ವಾ?