ಮನೆಯಲ್ಲಿ ಇಲಿ ಕಾಟವೇ? ಪಾಷಾಣ ಕೊನೆಗಿರಲಿ, ಮೊದಲು ಸಂದಿ ಮುಚ್ಚಿ

ಮಳೆ ಹಿಡಿಯಿತು ಅಂದರೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹಂಚಿನ ಮನೆಗಳಲ್ಲಿ ರಾತ್ರಿ ಮುಚ್ಚಿಗೆಯ ಮೇಲೆ ಓಟ ಶುರು. ತೋಟದ ಬಿಲಗಳಿಗೆ ನೀರು ನುಗ್ಗಿರುತ್ತದೆ. ಮನೆಯ ಅಟ್ಟದಲ್ಲಿ ಮಾತ್ರ ಬೆಚ್ಚಗಿನ ಜಾಗ, ಗೂಡಿಗೆ ಅಡಿಕೆ ಗೋಣಿ, ತಿನ್ನಲು ಹಲಸಿನ ಹಪ್ಪಳ, ಕೊಬ್ಬರಿ. ಇಲಿಗೆ ಇನ್ನೇನು ಬೇಕು? ನಾವೋ ಬೆಳಗೆದ್ದು ಅಂಗಡಿಗೆ ಹೋಗಿ ಇಲಿ ಪಾಷಾಣ ತರುತ್ತೇವೆ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುವುದು ಅಂದರೆ ಇದೇ.

ಬಂದಿರುವುದು ಯಾರು?

ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಅಕ್ಕಿಕಾಳಿನಷ್ಟು ಅಥವಾ ಅದಕ್ಕಿಂತ ಸಣ್ಣದಾಗಿ, ತುದಿ ಚೂಪಾಗಿದ್ದರೆ ಸಣ್ಣ ಇಲಿ. ಒಂದು ಸೆಂಟಿಮೀಟರಿಗಿಂತ ಉದ್ದವಿದ್ದರೆ ದೊಡ್ಡದು, ಮರ ಹತ್ತುವ ಜಾತಿ. ಎಲ್ಲಿ ಓಡಾಡುತ್ತದೆ ಎಂದು ತಿಳಿಯಲು ರಾತ್ರಿ ಗೋಡೆ ಬದಿಗೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ. ಬೆಳಗ್ಗೆ ಹೆಜ್ಜೆ ಗುರುತು, ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಪಕ್ಕಾಸು, ಗೋಡೆಯ ಅಂಚುಗಳಲ್ಲಿ ಎಣ್ಣೆಜಿಡ್ಡಿನಂಥ ಕಪ್ಪು ಕಲೆ ಇದ್ದರೆ ಅದೇ ಅವುಗಳ ದಿನನಿತ್ಯದ ದಾರಿ.

ಉದ್ದ ಮೂತಿಯ, ನಾರುವ, ಚೀಂ ಚೀಂ ಎನ್ನುತ್ತಾ ಗೋಡೆ ಬದಿಯಲ್ಲೇ ಹೋಗುವ ಸೊಂಡಿಲಿ ಇಲಿಯ ಜಾತಿಯೇ ಅಲ್ಲ. ಅದು ಜಿರಳೆ, ಹುಳ ತಿಂದು ಬದುಕುತ್ತದೆ. ಅದನ್ನು ಸುಮ್ನೆ ಬಿಟ್ಟುಬಿಡಿ.

ಸಂದಿ ಮುಚ್ಚುವ ಕೆಲಸ

ಜಾಸ್ತಿ ಹೊತ್ತು ಬೇಕಾಗುವುದು ಇದಕ್ಕೇ, ಫಲ ಸಿಗುವುದೂ ಇದರಿಂದಲೇ. ಸಣ್ಣ ಇಲಿಗೆ ಆರು ಮಿಲಿಮೀಟರ್ ಸಂದಿ ಸಾಕು. ಪೆನ್ಸಿಲ್ ಹಿಡಿದು ಮನೆ ಸುತ್ತ ಬನ್ನಿ. ಪೆನ್ಸಿಲ್ ತೂರುವ ಕಡೆಯಲ್ಲೆಲ್ಲ ಇಲಿಯೂ ತೂರುತ್ತದೆ ಎಂದುಕೊಳ್ಳಿ. ಹಿಂಬಾಗಿಲಿನ ಅಡಿ, ಬಚ್ಚಲಿನ ನೀರು ಹೋಗುವ ತೂತು, ಗ್ಯಾಸ್ ಪೈಪು ಒಳಬರುವ ಜಾಗ, ಕರೆಂಟು ವಯರಿನ ತೂತು: ಇವನ್ನು ಬಿಡಬೇಡಿ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟು ಮೆತ್ತಿ. ಬಟ್ಟೆ, ಥರ್ಮಾಕೋಲ್ ತುರುಕಿದರೆ ಎರಡೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಹೊಡೆಸಿ. ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಹಾಕಿ.

ಹಂಚಿನ ಮಾಡನ್ನು ಮಾತ್ರ ಪೂರ್ತಿ ಮುಚ್ಚಲು ಯಾರಿಂದಲೂ ಆಗದು. ಪ್ರತಿ ರೀಪಿನ ಬಳಿಯೂ ಒಂದು ದಾರಿ ಇರುತ್ತದೆ. ಹಾಗಾಗಿ ಮಾಡಿಗೆ ಬರುವ ಏಣಿಯನ್ನೇ ತೆಗೆಯಿರಿ. ಮಾಡಿಗೆ ತಾಗುವ ಮಾವಿನ ಕೊಂಬೆ, ತೆಂಗಿನ ಗರಿಗಳನ್ನು ಕನಿಷ್ಠ ಒಂದೂವರೆ ಮೀಟರ್ ದೂರಕ್ಕೆ ಕಡಿಸಿ. ಮನೆ ಪಕ್ಕದ ತೆಂಗಿನ ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತಿಸಿದರೆ ಇಲಿಯ ಉಗುರು ಜಾರುತ್ತದೆ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಈ ತಗಡು ದಂಡ, ಅದರ ಮೇಲಿಂದಲೇ ದಾಟುತ್ತದೆ.

ಊಟ ನಿಲ್ಲಿಸಿ

ಹಪ್ಪಳ, ಬೇಳೆ, ಕೊಬ್ಬರಿ ಎಲ್ಲವೂ ಮುಚ್ಚಳವಿರುವ ಸ್ಟೀಲ್ ಡಬ್ಬಕ್ಕೆ ಹೋಗಲಿ. ತೆಳು ಪ್ಲಾಸ್ಟಿಕ್ ಡಬ್ಬ ಅದಕ್ಕೆ ಲೆಕ್ಕಕ್ಕಿಲ್ಲ. ಅಕ್ಕಿ, ಅಡಿಕೆ ಗೋಣಿಗಳನ್ನು ಗೋಡೆಯಿಂದ ಒಂದಡಿ ಬಿಟ್ಟು, ಹಲಗೆಯ ಮೇಲೆ ಇಡಿ. ನಾಯಿ ತಿಂದುಳಿದ ಅನ್ನವನ್ನು ರಾತ್ರಿಯಿಡೀ ಜಗಲಿಯಲ್ಲಿ ಬಿಡಬೇಡಿ.

ಬೋನು, ಕತ್ತರಿ

ಒಳಗೆ ಉಳಿದವನ್ನು ಈಗ ಹಿಡಿಯಬೇಕು. ಬೋನನ್ನು ಕೋಣೆಯ ನಡುವೆ ಇಟ್ಟರೆ ಬೋನು ಖಾಲಿಯೇ. ಇಲಿ ಗೋಡೆಗೆ ಮೈ ತಾಗಿಸಿಕೊಂಡು ಓಡುವ ಪ್ರಾಣಿ, ಬೋನೂ ಅಲ್ಲೇ ಇರಬೇಕು. ಕತ್ತರಿಯಾದರೆ, ಅಂದರೆ ಸ್ಪ್ರಿಂಗಿನಿಂದ ಬಡಿಯುವ ಇಲಿಬಲೆಯಾದರೆ, ಆಹಾರ ಇಡುವ ತುದಿ ಗೋಡೆಗೆ ಮುಖ ಮಾಡಿರಲಿ. ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರು ಒಳ್ಳೆಯದು, ಒಣಮೀನು ತಿನ್ನುವ ಮನೆಯಾದರೆ ಅದರ ತಲೆ ಇನ್ನೂ ಒಳ್ಳೆಯದು. ಬರೀ ಸಿಕ್ಕಿಸಬೇಡಿ, ದಾರದಿಂದ ಕಟ್ಟಿ. ಇಲ್ಲದಿದ್ದರೆ ಎಗರಿಸಿಕೊಂಡು ಹೋಗುತ್ತದೆ.

ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಗುಮಾನಿ. ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ತೆರೆದೇ ಕಟ್ಟಿಟ್ಟು ತಿನ್ನಲು ಬಿಡಿ, ಆಮೇಲೆ ಹೂಡಿ. ಸಣ್ಣದಕ್ಕೆ ಅಷ್ಟು ಕಾಯಬೇಕಿಲ್ಲ, ಅದು ಕುತೂಹಲಕ್ಕೇ ಬಂದು ಬೀಳುತ್ತದೆ. ಒಂದು ಹಿಡಿದು ನಿಲ್ಲಿಸಬೇಡಿ. ಬಸುರಾದ ಮೂರೇ ವಾರದಲ್ಲಿ ಸಣ್ಣ ಇಲಿ ಐದಾರು ಮರಿ ಹಾಕುತ್ತದೆ.

ಗಣಪತಿಯ ವಾಹನ ಕೊಲ್ಲಬಾರದು ಎಂದು ಹಿಡಿದದ್ದನ್ನು ತೋಡಿನಾಚೆ ಬಿಟ್ಟು ಬರುವವರಿದ್ದಾರೆ. ಆಚೆಯ ಮನೆಯವರ ಹತ್ತಿರ ಕೇಳಿದ್ದೀರಾ? ನನ್ನನ್ನು ಕೇಳಿದರೆ ಒಂದೇ ಏಟಿಗೆ ಮುಗಿಸುವ ಕತ್ತರಿಯೇ ವಾಸಿ. ಅಂಟು ಹಲಗೆಯಲ್ಲಿ ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಅದು ಬೇಡವೇ ಬೇಡ. ಪ್ಲಗ್ಗಿಗೆ ಹಾಕುವ ಶಬ್ದದ ಯಂತ್ರಕ್ಕೂ ದುಡ್ಡು ಹಾಕಬೇಡಿ, ಕೆಲವೇ ದಿನಗಳಲ್ಲಿ ಇಲಿ ಅದಕ್ಕೆ ಒಗ್ಗಿಬಿಡುತ್ತದೆ.

ಪಾಷಾಣ ಇಡಲೇಬೇಕೆಂದರೆ

ಹಳದಿ ರಂಜಕದ (ಯೆಲ್ಲೋ ಫಾಸ್ಫರಸ್) ಪೇಸ್ಟು ಮನೆಯೊಳಗೆ ಬರಲೇಬಾರದು. ಮಗು ನೆಕ್ಕಿದರೆ ಲಿವರ್ ಕೈಕೊಡುತ್ತದೆ, ಅದಕ್ಕೆ ಮದ್ದಿಲ್ಲ. ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ತೋಟಕ್ಕೆ ಸರಿ. ಮನೆಯಲ್ಲಾದರೆ ಇಲಿ ಮುಚ್ಚಿಗೆಯ ಒಳಗೇ ಸತ್ತು ವಾರಗಟ್ಟಲೆ ನಾರುತ್ತದೆ, ಸತ್ತದ್ದನ್ನು ತಿಂದ ಬೆಕ್ಕು, ಗೂಬೆಗೂ ಅಪಾಯ. ಯಾರಾದರೂ ಅಕಸ್ಮಾತ್ ತಿಂದರೆ ಪೊಟ್ಟಣ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಗುಡಿಸುವಾಗ

ಒಣ ಹಿಕ್ಕೆಯನ್ನು ಹಿಡಿಸೂಡಿಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು, ಗ್ಲೌಸ್ ಹಾಕಿ ಒರೆಸಿ ತೆಗೆಯಿರಿ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. 2018ರ ಪ್ರವಾಹದ ನಂತರ ಕೇರಳದಲ್ಲಿ ಇದು ಹರಡಿದ್ದು ನೆನಪಿದೆಯಲ್ವಾ? ಮಳೆಗಾಲದಲ್ಲಿ ತೋಟದ ಕೆಸರಿಗೆ ಇಳಿಯುವವರು ಆರೋಗ್ಯ ಕೇಂದ್ರದಲ್ಲಿ ಕೇಳಿ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬಹುದು. ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಕೆಸರಿಗಿಳಿದದ್ದನ್ನೂ ಇಲಿ ಹಿಕ್ಕೆ ತೆಗೆದದ್ದನ್ನೂ ಅವರಿಗೆ ಮೊದಲೇ ಹೇಳಿ.