ಭಾಗೀರಥಿಗೆ ನೆಪ ಕೊಡದೆ ಬರೆದದ್ದು

ನನ್ನ ಕಿರು ಕಾದಂಬರಿಯ ಖಳನಾಯಕಿ ಭಾಗೀರಥಿ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹಿರಿಸೊಸೆ. ನಾದಿನಿ ಸಾವಿತ್ರಿಯ ಪಾಲಿನ ಆಸ್ತಿ ನುಂಗುತ್ತಾಳೆ. ಕಥೆ ಇಷ್ಟೇ.

ಧಾರಾವಾಹಿಯ ಅತ್ತೆಯರ ಹಾಗೆ ಒಬ್ಬಳೇ ನಿಂತು ಸಂಚನ್ನೆಲ್ಲ ಜೋರಾಗಿ ಹೇಳಿಕೊಳ್ಳುವವಳು ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಚಿಕ್ಕಂದಿನಲ್ಲಿ ತುಂಬ ಕಷ್ಟಪಟ್ಟಿದ್ದಳು ಪಾಪ, ಅನ್ನುವ ನೆಪವೂ ಬೇಡ.

ಇದಕ್ಕೆ ಧೈರ್ಯ ಕೊಟ್ಟವನು ಹಳಗನ್ನಡದ ಕವಿ ಜನ್ನ. 'ಯಶೋಧರ ಚರಿತೆ' ಬಂದು 800 ವರ್ಷ ದಾಟಿತು. ಅದರ ಅಮೃತಮತಿಗೆ ಪ್ರೀತಿಸುವ ಗಂಡನಿದ್ದಾನೆ, ಅರಮನೆಯಿದೆ. ರಾತ್ರಿ ಮಾವುತನ ಹಾಡು ಕಿವಿಗೆ ಬೀಳುತ್ತದೆ, ಮನಸ್ಸು ಜಾರುತ್ತದೆ. ಅವನು ಎಂಥ ಕುರೂಪಿ ಅಂತ ಸಖಿ ನೋಡಿಬಂದು ಹೇಳಿದರೂ ಕೇಳುವುದಿಲ್ಲ. ತಡವಾಗಿ ಬಂದೆ ಅಂತ ಅವನು ಹೊಡೆದರೂ ಅವನನ್ನೇ ಅಂಗಲಾಚುತ್ತಾಳೆ. ಆಮೇಲೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಮನಸಿಜನ ಮಾಯೆ, ವಿಧಿಯ ಆಟ ಅಂತ ಒಂದು ಮಾತು ಹೇಳುತ್ತಾನೆ ಜನ್ನ, ಅವಳ ಪರ ವಕಾಲತ್ತು ಮಾಡುವುದಿಲ್ಲ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'ನ ಮಂಥರೆಯದು ಬೇರೆ ದಾರಿ. ಭರತನ ಮೇಲಿನ ಮಮತೆಯೇ ಅವಳನ್ನು ಅಲ್ಲಿಗೆ ತಂದದ್ದು. ಓದಿದರೆ ಅಳು ಬರುತ್ತದೆ. ಭಾಗೀರಥಿಗಾಗಿ ಯಾರೂ ಅಳುವುದು ನನಗೆ ಬೇಕಿರಲಿಲ್ಲ.

ಹಾಗಾಗಿ ಅವಳಿಗೆ ಕೆಲಸ ಕೊಟ್ಟೆ. ಅಡಿಕೆ ನೋಡಿದ ಕೂಡಲೇ ಅದರ ದರ್ಜೆ, ಅಂದರೆ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಎಷ್ಟು ಅಂತ ಹೇಳುತ್ತಾಳೆ. ಮಂಡಿಯ ಲೆಕ್ಕದಲ್ಲಿ ತೂಕ ತಪ್ಪಿದ್ದರೆ ಗಂಡನಿಗಿಂತ ಮೊದಲು ಹಿಡಿಯುತ್ತಾಳೆ. ತೋಟ ಉಳಿಸಿದ್ದು ನಾನು ಅನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಆದರೆ ಕಾನೂನು ಸಾವಿತ್ರಿಯ ಕಡೆ ಇದೆ. ನಮ್ಮಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಮಗಳಿಂದ ಬರೆಸಿಕೊಳ್ಳಲು ತವರಿನವರು ಮುಂದಿಡುವ ಹಕ್ಕು ಖುಲಾಸೆ ಪತ್ರವೂ ನಿಮಗೆ ಗೊತ್ತೇ ಇದೆ, ಅಲ್ವಾ?

ನನಗೆ ಮುಖ್ಯವಾದ ದೃಶ್ಯ ಊಟದ್ದು. ಸಾವಿತ್ರಿಗೆ ಇಷ್ಟ ಅಂತ ಪತ್ರೊಡೆ ಮಾಡಿದ್ದಾಳೆ. ತುಪ್ಪ ಬಡಿಸುತ್ತಾ ಕೇಳುತ್ತಾಳೆ:

"ಆಧಾರ್ ಕಾರ್ಡ್ ತಂದಿದೀಯಲ್ಲ? ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬರೋಣ."

"ಯಾಕೆ ಅತ್ತಿಗೆ?"

"ನಿನಗೆ ತವರು ಅಂತ ಒಂದು ಉಳೀಲಿ ಅಂತ. ಇನ್ನೊಂದು ಹಾಕ್ಕೋ."

'ಕುಟಿಲ ನಗು', 'ವಿಷದ ದನಿ' ಅಂತ ಒಂದು ಪದವನ್ನೂ ಸೇರಿಸಲಿಲ್ಲ. ತುಪ್ಪದ ಮಿಳ್ಳೆ, ಎಲೆ, ಅವಳ ಕೈ, ಅಷ್ಟೇ. ಸಾವಿತ್ರಿಯನ್ನು ಪೆದ್ದಿ ಮಾಡಲಿಲ್ಲ, ಅವಳಿಗೆ ಎಲ್ಲ ಅರ್ಥವಾಗುತ್ತದೆ. ಎದುರಿನವಳು ಸುಮ್ನೆ ಪೆದ್ದಿಯಾದರೆ ಖಳನಾಯಕಿಯ ಜಾಣತನಕ್ಕೆ ಬೆಲೆ ಎಲ್ಲಿ?

ಹಸ್ತಪ್ರತಿ ಓದಿದ ಗೆಳತಿ, "ಕೊನೆಗೆ ಇವಳಿಗೆ ಏನೂ ಆಗಲ್ವಾ?" ಅಂತ ರೇಗಿದಳು. ಜನ್ನ ಅಮೃತಮತಿಯನ್ನು ನರಕಕ್ಕೆ ಕಳಿಸುತ್ತಾನೆ. ಅದು ಜೈನ ಕಾವ್ಯ, ಕರ್ಮದ ಲೆಕ್ಕ ಚುಕ್ತಾ ಆಗಲೇಬೇಕು. ನಾನು ನೋಡಿದ ಭಾಗೀರಥಿಯರೆಲ್ಲ ಚೆನ್ನಾಗಿಯೇ ಇದ್ದಾರೆ. ಕೊನೆಯ ಅಧ್ಯಾಯ ಬದಲಾಯಿಸಲಿಲ್ಲ. ಗೆಳತಿಗೆ ಇನ್ನೂ ಸಿಟ್ಟಿದೆ.